ಹಸಿರು ಹುಡಿ ಉದುರಿಸಿದ ಅಣಬೆ

ಹಗಲು ಹೊತ್ತು ಬಾಗಿಲಿಗೆ ಚಿಲಕ ಹಾಕುವ ಪದ್ಧತಿಯೇ ಇಲ್ಲದ ಕಾಲ ಅದು. ಘಾಟ್ಕೋಪರದ ನಮ್ಮ ಚಾಳಿನಲ್ಲಿ ಯಾರ ಮನೆಯಲ್ಲಿ ಏನು ಒಗ್ಗರಣೆ ಬಿತ್ತು ಎಂಬುದು ಇಡೀ ಮಾಳಿಗೆಗೆ ಗೊತ್ತಾಗುತ್ತಿತ್ತು. ಗೊತ್ತಾದ ಮೇಲೆ ಪಕ್ಕದ ಮನೆಗೆ ಒಂದು ಬಟ್ಟಲು ಹೋಗಲೇಬೇಕು. ನಾವು ಉಡುಪಿ ಕಡೆಯವರು, ಅಪ್ಪ ಹೋಟೆಲಿನ ಅಡುಗೆಮನೆಯಲ್ಲಿದ್ದರು. ಪಕ್ಕದ ಪದ್ಮಾ ಆಂಟಿ ಮೈಸೂರಿನವರು, ಗಂಡನಿಗೆ ಬ್ಯಾಂಕಿನ ಕೆಲಸ. ಅವರ ಮಗಳು ವಸು ನನ್ನ ಕ್ಲಾಸಿನವಳು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ಮಳೆಗಾಲ. ಮುಲುಂಡಿನ ಹಿಂದಿನ ಕಾಡಿನಲ್ಲಿ ಅಣಬೆ ಎದ್ದಿದೆ ಎಂದು ಯಾರೋ ಹೇಳಿದ್ದೇ ತಡ, ಊರು ಬಿಟ್ಟ ಮೇಲೆ ಅಣಬೆಯನ್ನೇ ಕಾಣದ ಅಮ್ಮನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಭಾನುವಾರ ನನ್ನನ್ನು ಲೋಕಲ್ ರೈಲು ಹತ್ತಿಸಿಕೊಂಡು ಹೊರಟೇಬಿಟ್ಟಳು.

"ಹುತ್ತದ ಮೇಲೆ ಎದ್ದದ್ದು ಮಾತ್ರ ಕೀಳು. ಬೇರೆಯದ್ದೆಲ್ಲ ನಾಯಿಕೊಡೆ, ಮುಟ್ಟಬೇಡ" ಎಂದು ಹೇಳಿ, ನನ್ನನ್ನು ಒಂದು ಹುತ್ತದ ಬಳಿ ಬಿಟ್ಟು ತಾನು ಇನ್ನೊಂದು ಹುಡುಕಿಕೊಂಡು ಹೋದಳು. ನನಗೆ ಸಿಕ್ಕಿದ್ದು ಹತ್ತೋ ಹನ್ನೆರಡೋ. ಕೆಳಗಿನ ಹುಲ್ಲಿನಲ್ಲಾದರೋ ಬೆಳ್ಳಗೆ, ಅಂಗೈಯಗಲದವು ಸಾಲಾಗಿ ನಿಂತಿದ್ದವು. ಸೊಳ್ಳೆ ಕಚ್ಚುತ್ತಿತ್ತು, ಫ್ರಾಕು ಒದ್ದೆಯಾಗಿತ್ತು, ನನಗೆ ಒಮ್ಮೆ ಮನೆ ಸೇರಿದರೆ ಸಾಕಿತ್ತು. ಬರಬರನೆ ಕಿತ್ತು ಚೀಲ ತುಂಬಿಸಿಬಿಟ್ಟೆ.

"ಎಲ್ಲ ಹುತ್ತದ್ದೇ ಅಲ್ವಾ?" ವಾಪಸು ಬಂದ ಅಮ್ಮ ಕೇಳಿದಳು.

"ಹೂಂ."

ದಂಟು ಮುರಿದು, ಸಿಪ್ಪೆ ಸುಲಿದು ತೊಳೆಯುವ ಕೆಲಸ ನನ್ನದೇ ಆಗಿದ್ದರಿಂದ ಸುಳ್ಳು ಸಿಕ್ಕಿಬೀಳಲಿಲ್ಲ. ಕೊನೆಯ ನಾಲ್ಕನ್ನು ಸುಲಿಯಲು ಬೇಜಾರಾಗಿ, ಪೇಪರಿನ ಮೇಲೆ ಕವುಚಿಟ್ಟು ಮಂಚದ ಕೆಳಗೆ ತಳ್ಳಿದೆ.

ಮರುದಿನ ಜೋರು ಮಳೆ, ಸ್ಕೂಲಿಗೆ ರಜೆ. ಅಮ್ಮ ಬೆಳ್ಳುಳ್ಳಿ ಜಜ್ಜಿ, ಕಾಯಿ ಹುರಿದು ಸುಕ್ಕ ಮಾಡಿದಳು. ಆ ಘಮಕ್ಕೆ ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಆದರೆ ಅಪ್ಪ ಮೂರು ಗಂಟೆಗೆ ಬರುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಪದ್ಮಾ ಆಂಟಿಗೆ ಮಾತ್ರ ಆಗಲೇ ಬಟ್ಟಲು ಹೋಗಿತ್ತು. ಊಟವಾದ ಮೇಲೆ ಅವರು ಅದರಲ್ಲಿ ಸಕ್ಕರೆ ಹಾಕಿಕೊಂಡು ಬಂದರು.

"ಎಷ್ಟು ಚೆನ್ನಾಗಿತ್ತು ರೀ! ವಸು ಎರಡೆರಡು ಸಲ ಹಾಕಿಸ್ಕೊಂಡ್ಲು."

ಅಮ್ಮ ಹಿಗ್ಗಿಹೋದಳು.

ಅಪ್ಪ ಬಂದು, ಚಪ್ಪಲಿ ಹುಡುಕಲು ಮಂಚದಡಿ ಬಗ್ಗಿದವರು ಪೇಪರನ್ನು ಹೊರಗೆಳೆದರು. ಅಣಬೆ ಎತ್ತಿದರೆ ಅದರಡಿಯಲ್ಲಿ ಪಾಚಿ ಬಣ್ಣದ ಹುಡಿ, ದುಂಡಗೆ ಉದುರಿತ್ತು.

"ಇದೆಂತದು ಮಾರಾಯ್ತಿ? ಹುತ್ತದ ಅಣಬೆ ಎಲ್ಲಾದರೂ ಹಸಿರು ಹುಡಿ ಬಿಡ್ತದಾ? ಇದು ವಿಷದ್ದು!"

ಅಮ್ಮ ನನ್ನ ಕಡೆ ತಿರುಗಿದಳು. "ಹುಲ್ಲಿನದ್ದೂ ಇತ್ತು" ಎಂದೆ. ಬಿದ್ದ ಏಟಿಗೆ ಕಿವಿ ಗುಂಯ್ ಎಂದಿತು.

"ಅಯ್ಯೋ ದೇವರೇ, ವಸು!" ಎನ್ನುತ್ತ ಅಮ್ಮ ಪಕ್ಕದ ಮನೆಗೆ ನುಗ್ಗಿದಳು.

ವಸು ಟ್ಯೂಷನ್ನಿಗೆ ಹೋಗಿದ್ದಳು, ಎರಡು ಬಿಲ್ಡಿಂಗ್ ಆಚೆ. ನಾನು ಬರಿಗಾಲಲ್ಲಿ ಓಡಿದೆ. ಎರಡೆರಡು ಸಲ, ಎರಡೆರಡು ಸಲ ಎಂಬುದೊಂದೇ ತಲೆಯಲ್ಲಿ. ಅವಳು ಸತ್ತರೆ ಕೊಂದವಳು ನಾನೇ. ಟೀಚರ್ ಬೈಯುತ್ತಿದ್ದರೂ ಕೇಳದೆ ಅವಳನ್ನು ಮೆಟ್ಟಿಲಿಗೆ ಎಳೆದು ತಂದೆ.

"ಬಾಯಿಗೆ ಬೆರಳು ಹಾಕು! ವಾಂತಿ ಮಾಡು! ಅಣಬೆ ವಿಷ!"

"ಯಾವ ಅಣಬೆ?"

"ನಮ್ಮಮ್ಮ ಕೊಟ್ಟದ್ದು!"

"ಅಯ್ಯೋ, ನಮ್ಮನೇಲಿ ಅಣಬೆ ತಿನ್ನಲ್ಲ ಕಣೆ. ಬೆಳ್ಳುಳ್ಳೀನೂ ಇಲ್ಲ. ನೀವು ಕೊಡೋದನ್ನ ಅಮ್ಮ ಯಾವಾಗ್ಲೂ ಕಸಕ್ಕೇ ಹಾಕೋದು. ಹೇಳ್ಬೇಡ, ಬೈತಾಳೆ."

ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟೆ.

ಅವಳನ್ನು ಎಳೆದುಕೊಂಡು ವಾಪಸು ಬಂದಾಗ ಕೆಳಗೆ ಅಪ್ಪ ರಿಕ್ಷಾ ನಿಲ್ಲಿಸಿದ್ದರು. ಮೇಲೆ ಅಮ್ಮ ಪದ್ಮಾ ಆಂಟಿಯ ಕೈ ಹಿಡಿದು, "ಹೊಟ್ಟೆ ಹಿಂಡ್ತದಾ ಪದ್ಮಕ್ಕ? ಮುಚ್ಚಿಡಬೇಡಿ, ನಿಮ್ಮ ಕಾಲಿಗೆ ಬೀಳ್ತೇನೆ" ಎಂದು ಅಳುತ್ತಿದ್ದಳು. "ನಂಗೇನೂ ಆಗಿಲ್ಲ ರೀ, ವಸೂಗೂ ಏನೂ ಆಗಲ್ಲ" ಎನ್ನುತ್ತಿದ್ದ ಆಂಟಿಯ ಮುಖ ಕೆಂಪಾಗಿತ್ತು. ಯಾಕೆ ಏನೂ ಆಗುವುದಿಲ್ಲ ಎಂಬುದು ಮಾತ್ರ ಅವರ ಬಾಯಿಂದ ಹೊರಡುತ್ತಿರಲಿಲ್ಲ.

"ಅವರು ತಿಂದೇ ಇಲ್ಲ! ಎಸೆದಿದ್ದಾರೆ!" ಎಂದು ನಾನೇ ಕಿರುಚಿದೆ.

ಆಂಟಿ ಸೆರಗಿನಿಂದ ಮುಖ ಮುಚ್ಚಿಕೊಂಡರು. "ನಿಮಗೆ ಬೇಜಾರಾಗುತ್ತೆ ಅಂತ..."

"ಮೂರು ವರ್ಷದಿಂದಲೂ ಎಸೀತಿದ್ರಾ?" ಎಂದಳು ಅಮ್ಮ. ಆಂಟಿ ಹೌದೆಂದು ತಲೆಯಾಡಿಸಿದರು. ಅಮ್ಮ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ನಗತೊಡಗಿದಳು, ಕಣ್ಣೀರು ಸುರಿಯುತ್ತಲೇ ಇತ್ತು. "ಸದ್ಯ, ಎಸೆದ್ರಲ್ಲ! ಪುಣ್ಯ ಕಟ್ಕೊಂಡ್ರಿ ಮಾರಾಯ್ರೆ!"

ಆಮೇಲೆ ಒಂದು ವಾರ ಅಮ್ಮ ಅವರ ಜೊತೆ ಮಾತಾಡಲಿಲ್ಲ, ಅದು ಬೇರೆ. ಎಂಟನೇ ದಿನ ಬೆಳ್ಳುಳ್ಳಿಯಿಲ್ಲದ ಪತ್ರೊಡೆ ಮಾಡಿ ಕೊಂಡೊಯ್ದು, ವಸು ತಿಂದು ಮುಗಿಸುವವರೆಗೆ ಎದುರಿಗೇ ನಿಂತಿದ್ದಳಂತೆ.

ಚಾಳು ಕೆಡವಿ ಎಷ್ಟೋ ಕಾಲವಾಯಿತು. ಅದೇ ಘಾಟ್ಕೋಪರದಲ್ಲಿ, ಹದಿನಾಲ್ಕನೇ ಮಹಡಿಯಲ್ಲಿ ಒಬ್ಬಳೇ ಇದ್ದೇನೆ. ಅಣಬೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ, ಹೆದರುವ ಕಾರಣವಿಲ್ಲ. ಎದುರು ಫ್ಲ್ಯಾಟಿನವರ ಹೆಸರು ನನಗೆ ಗೊತ್ತಿಲ್ಲ. ಇವತ್ತು ನಾನೇನಾದರೂ ತಪ್ಪಿ ವಿಷವನ್ನೇ ಬೇಯಿಸಿದರೂ, ಓಡಿಹೋಗಿ ಉಳಿಸಿಕೊಳ್ಳಬೇಕಾದವರು ಯಾರೂ ಇಲ್ಲ.