ಎರಡು ಸ್ಕ್ರೂ, ಒಂದು ಸಾ

ನನಗೆ ಎರಡು ಸ್ಕ್ರೂಗಳ ಹುಚ್ಚು ಹಿಡಿದಿತ್ತು ಎಂದರೆ ನೀವು ನಗುತ್ತೀರಿ. ನಗಿ, ಅಭ್ಯಂತರವಿಲ್ಲ, ಗೋಕಾಕದ ನಮ್ಮ ಓಣಿಯೇ ನಕ್ಕಿದೆ. ತೊಂಬತ್ತರ ದಶಕದಲ್ಲಿ ಕೊಲ್ಲಾಪುರದ ಆರ್ಕೆಸ್ಟ್ರಾ ಒಂದು ಹೊಸ ಡಿಜಿಟಲ್ ಕೀಬೋರ್ಡ್ ತರಿಸಿಕೊಂಡು ತನ್ನ ಹಳೆಯ ಅನಲಾಗ್ ಸಿಂಥಸೈಜರನ್ನು ಗುಜರಿಗೆ ಹಾಕಲು ಹೊರಟಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ತಂದೆ.

ಅದರ ಹೊಟ್ಟೆಯಲ್ಲಿ ಸ್ವರ ಹುಟ್ಟಿಸುವ ಎರಡು ಆಸಿಲೇಟರುಗಳು, ಒಂದೊಂದಕ್ಕೂ ಒಂದೊಂದು ಪುಟ್ಟ ಸ್ಕ್ರೂ. ಒಂದು ಸಪ್ತಕ ಮೇಲೇರಿದರೆ ಕಂಪನ ಸರಿಯಾಗಿ ಇಮ್ಮಡಿಯಾಗಬೇಕು. ಮೇಲಿನ ಸಾ ಸರಿಮಾಡಿದರೆ ಕೆಳಗಿನದು ಕೆಡುತ್ತಿತ್ತು, ಅದನ್ನು ಸರಿಪಡಿಸಿ ಬರುವಷ್ಟರಲ್ಲಿ ಮೇಲಿನದು ಮುನಿಸಿಕೊಳ್ಳುತ್ತಿತ್ತು. ಎರಡು ಆಸಿಲೇಟರುಗಳಿಗೂ ತಮ್ಮತಮ್ಮಲ್ಲಿ ಹೊಂದಾಣಿಕೆಯಿಲ್ಲದಿದ್ದರೆ ‘ವಂವ್ ವಂವ್’ ಎಂಬ ಅಲೆ ಏಳುತ್ತದೆ. ಸ್ಕ್ರೂ ತಿರುಗಿಸುತ್ತ ಹೋದಂತೆ ಅಲೆ ನಿಧಾನವಾಗಿ, ಇನ್ನೂ ನಿಧಾನವಾಗಿ, ಕೊನೆಗೆ ನಿಂತೇಬಿಡುತ್ತದೆ. ಆಗ ಆಗುವ ಖುಷಿ ಹೇಳತೀರದು. ಎರಡು ಸಲ ನಾನು ಲುಂಗಿಯಲ್ಲೇ ಕುಣಿದದ್ದುಂಟು. ಮೂರನೆಯ ಸಲ ಹೆಂಡತಿ ಪದ್ಮಾ ಬಾಗಿಲು ಹಾಕಿದಳು.

ಆದರೆ ಆ ಯಂತ್ರದ ಮೇಲೆ ಪದ್ಮಾಳಿಗೂ ಒಂದು ಆಸೆಯಿತ್ತು. ನಾಗನೂರಿನ ಬಸದಿಯ ಭಜನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಯಾವಾಗಲೂ ಗಂಡಸರ ಸ್ವರಕ್ಕೇ ನಿಲ್ಲುತ್ತಿತ್ತು. ಹೆಂಗಸರು ಕಿರುಚಬೇಕು ಇಲ್ಲವೇ ಗೊಣಗಬೇಕು. ಹಿಂದಿನ ಸಾಲಿನಲ್ಲಿ ಕೂತು ಹತ್ತು ವರ್ಷ ಗೊಣಗಿದ ಪದ್ಮಾ ಒಮ್ಮೆ ಅಂದಿದ್ದಳು: "ನನ್ನ ದನಿ ಇದ್ದಲ್ಲಿ ಆ ಪೇಟಿ ಯಾವತ್ತೂ ಬರಲೇ ಇಲ್ರಿ."

ಆ ವರ್ಷದ ದಶಲಕ್ಷಣ ಪರ್ವದಲ್ಲಿ ಮುಂದೆ ಕೂತು ಹಾಡುವ ಸರದಿ ಮೊದಲ ಬಾರಿಗೆ ಅವಳಿಗೆ ಸಿಕ್ಕಿತು. ಪೇಟಿಯ ಬದಲು, ಯಾವ ದನಿಗಾದರೂ ಹೊಂದಿಸಬಹುದಾದ ನನ್ನ ಯಂತ್ರ, ತಬಲಾಕ್ಕೆ ನಮ್ಮ ದೇವಪ್ಪ ಕಾಕಾ. ಒಂದು ತಿಂಗಳು ಅವಳಿಗೆ ತಾಲೀಮು ಮಾಡಿಸಿದೆ. ದಿನಾ ನನ್ನ ಪ್ರಶ್ನೆ ಒಂದೇ: "ಮಶೀನಿಗೆ ಸರಿಯಾಗಿ ಕೂಡಿತೇನು?"

ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕಾದ ನಮ್ಮ ಜೈನ ಜನ ಭಜನೆಯನ್ನು ನಡುಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತಾರೆ. ವಿಜ್ಞಾನದ ಮಾಸ್ತರನಾದ ನಾನು ಸ್ಕ್ರೂ ತಿರುಗಿಸಿದ್ದು ಬೆಳಗಿನ ತಂಪಿನಲ್ಲಿ; ಈ ಯಂತ್ರದ ಸ್ವರ ಬಿಸಿಗೆ ಇಳಿಯುತ್ತದೆ, ತಂಪಿಗೆ ಏರುತ್ತದೆ ಎಂಬುದು ನೆನಪಿಗೇ ಬರಲಿಲ್ಲ. ಅಲ್ಲದೆ, ಕೊನೆಯ ಗಳಿಗೆಯಲ್ಲಿ ಬೇಕಾದೀತೆಂದು ಮುಚ್ಚಳವನ್ನೂ ತೆರೆದೇ ಬಿಟ್ಟಿದ್ದೆ. ಕಾಕಾ ಅದನ್ನು ನೋಡಿ, "ಪಾಪ, ಇದಕ್ಕೂ ಸೆಕಿ ಆಗಾಕತ್ತೈತಿ" ಎಂದು, ಹಿರಿಯರ ಮುಂದಿದ್ದ ಟೇಬಲ್ ಫ್ಯಾನನ್ನು ತಂದು ಅದರ ಬಾಜೂ ಇಟ್ಟರು. ಬಂದ ಅತಿಥಿಗೆ ಗಾಳಿ ಹಾಕುವುದು ನಮ್ಮ ಕಡೆಯ ಮರ್ಯಾದೆ.

ಫ್ಯಾನು ಯಂತ್ರದ ಕಡೆ ತಿರುಗಿದರೆ ಸ್ವರ ಏರತೊಡಗಿತು, ಆಚೆ ಹೋದರೆ ಇಳಿಯತೊಡಗಿತು. ಕಾಕಾ ಸುತ್ತಿಗೆ ಹಿಡಿದು ತಬಲಾವನ್ನು ಯಂತ್ರಕ್ಕೆ ಹೊಂದಿಸಿದರು. ಅಷ್ಟರಲ್ಲಿ ನಾನು ಯಂತ್ರವನ್ನು ತಬಲಾಕ್ಕೆ ಹೊಂದಿಸಿದ್ದೆ. "ನೀವು ಇರ್ರಿ, ನಾ ಸರಿ ಮಾಡತೇನಿ" ಎಂದು ಅವರು. "ಇಲ್ಲ ಕಾಕಾರ, ತಪ್ಪು ನಂದ" ಎಂದು ನಾನು. ಇಬ್ಬರ ಸಭ್ಯತೆಯಲ್ಲಿ ಸಾ ಎನ್ನುವುದು ಮೇಲೆ ಮೇಲೆ ಹತ್ತುತ್ತಲೇ ಹೋಯಿತು. ಜನ ಬಾಯಿಗೆ ಸೆರಗು, ಟವೆಲ್ಲು ಹಿಡಿದು ನಗುತ್ತಿದ್ದರು. ನನಗೂ ನಗು ತಡೆಯಲಾಗಲಿಲ್ಲ. ಆಗ ಪದ್ಮಾಳ ಮುಖ ಕಂಡಿತು. ಅವಳು ನಗುತ್ತಿರಲಿಲ್ಲ. ಮತ್ತೆ ಹಿಂದಿನ ಸಾಲಿಗೆ ಹೋಗಬೇಕಾದೀತೆಂಬ ಭಯ ಅವಳ ಕಣ್ಣಲ್ಲಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಅವಳು ಒಂದು ಗುಟುಕು ನೀರು ಕುಡಿದಳು. "ಏನ್ರಿ, ಆ ಫ್ಯಾನ್ ಬಂದ್ ಮಾಡ್ರಿ. ಕಾಕಾರ, ಸುತ್ತಗಿ ಕೆಳಗ ಇಡ್ರಿ. ನಾ ಸಾ ಹಿಡೀತೇನಿ, ನೀವಿಬ್ಬರೂ ನನಗ ಹೊಂದಸ್ಕೋರಿ."

ಹಿಡಿದಳು. ಬಸದಿಯ ಕಂಬಗಳ ನಡುವೆ ಆ ಸಾ ಅಲುಗದೆ ನಿಂತಿತು. ಎರಡನೆಯ ಆಸಿಲೇಟರಿನ ಬಾಯಿ ಮುಚ್ಚಿಸಿ, ಸ್ವರ ಏರಿಳಿಸುವ ಒಂದೇ ಗುಂಡಿಯ ಮೇಲೆ ಬೆರಳಿಟ್ಟು ನಾನು ಅವಳ ದನಿಯ ಹಿಂದೆ ನಡೆದೆ. ಯಂತ್ರ ಜಾರಿದಾಗಲೆಲ್ಲ ಎಳೆದು ತಂದೆ. ಹತ್ತು ವರ್ಷ ಜೊತೆಗಿದ್ದೂ ಈ ದನಿ ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

ಸಂಜೆ ಗೋಕಾಕಕ್ಕೆ ಮರಳುವ ಬಸ್ಸಿನಲ್ಲಿ ಅವಳು ಕಿಟಕಿಯ ಬದಿಗೆ ಕೂತು ಮೆಲ್ಲಗೆ ಗುನುಗುತ್ತಿದ್ದಳು. ಸ್ವಲ್ಪ ದೂರ ಬಂದ ಮೇಲೆ ನನ್ನನ್ನು ನೋಡಿ ನಕ್ಕಳು. ತೊಡೆಯ ಮೇಲಿದ್ದ, ವೈರು ಸುತ್ತಿಟ್ಟ ಯಂತ್ರದ ಗುಂಡಿಯನ್ನು ನಾನು ಅವಳ ದನಿಗೆ ತಕ್ಕಂತೆ ತಿರುಗಿಸುತ್ತಲೇ ಇದ್ದೆ.