ಹಗಲು ಹೊತ್ತಿನ ಬಾಗಿಲು

ಎದುರುಮನೆ ಕಾಕು ಗಿಡ್ಡ ಹೆಂಗಸು ಎಂದೇ ನಾನು ಎಷ್ಟೋ ದಿನ ತಿಳಿದಿದ್ದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ ಅವರದು, ಅದೂ ತಲಬಾಗಿಲಿಗೆ ಎದುರಾಗಿ. ನಮ್ಮ ಕಿಟಕಿಯಿಂದ ಕಾಣುತ್ತಿದ್ದದ್ದು ಸೊಂಟದಿಂದ ಮೇಲೆ ಮಾತ್ರ: ಹಣೆ ತುಂಬ ವಿಭೂತಿ, ತಲೆ ಮೇಲೆ ಸೆರಗು, ಲಾಳಿಯ ಹಿಂದೆ ಓಡುವ ಕಣ್ಣು. ಒಂದು ದಿನ ಎದ್ದು ನಮ್ಮ ಕಟ್ಟೆಗೆ ಬಂದು ನಿಂತರು ನೋಡಿ, ನನಗಿಂತ ಗೇಣುದ್ದ ಎತ್ತರ. ಬಾಗಿಲು ತೆರೆದ ಕೂಡಲೇ ಕೇಳಿದರು:

"ಓಣ್ಯಾಗ ಹೆಣಾ ಹೋಗೂ ಮುಂದ ಬಾಗಲಾ ಹಾಕತಾರವಾ. ಇವತ್ತ ಯಾರು ಹೊಂಟಾರ?"

ನನಗೆ ಸಿಟ್ಟು ಬಂತು. ಮಸ್ಕತ್‌ನಲ್ಲಿ ನಾವು ವರ್ಷಗಟ್ಟಲೆ ಬಾಗಿಲು ಹಾಕಿಕೊಂಡೇ ಬದುಕಿದವರು. ತೆರೆದರೆ ಎ.ಸಿ.ಯ ತಂಪು ಹೊರಗೆ, ಬಿಸಿಲು ಒಳಗೆ. ನನ್ನವರ ಕಂಪನಿ ಮುಚ್ಚಿದ ಮೇಲೆ ಗಜೇಂದ್ರಗಡಕ್ಕೆ ಮರಳಿದೆವು. ಅವರು ಬಸ್‌ಸ್ಟ್ಯಾಂಡಿನ ಹತ್ತಿರ ಫ್ರಿಜ್ ರಿಪೇರಿಗೆ ಕೂತರು; ಹುಟ್ಟಿದ ಊರು, ಲಗೂನೇ ಒಗ್ಗಿಕೊಂಡರು. ನಾನೇನು ಹೊರಗಿನವಳಲ್ಲ, ಇಲ್ಲೇ ಹತ್ತಿರದ ಅಬ್ಬಿಗೇರಿಯ ಎರೆಮಣ್ಣಿನಲ್ಲಿ ಆಡಿ ಬೆಳೆದವಳು. ಆದರೂ ಬಟ್ಟೆಯನ್ನು ಕಲ್ಲಿಗೆ ಒಗೆದರೆ ಅಂಗೈ ಬೊಬ್ಬೆ ಏಳುತ್ತಿತ್ತು, ಬಡಿದ ರೊಟ್ಟಿ ಹರಿಯುತ್ತಿತ್ತು. ಬರಿಗೈಲಿ ಬಂದರು ಎಂದು ಜನ ಆಡಿಕೊಳ್ಳುತ್ತಾರೆ ಅನ್ನುವ ನಾಚಿಕೆ ಬೇರೆ. ಅದಕ್ಕೇ ಆ ಮುಚ್ಚಿದ ಬಾಗಿಲು. ಹುಬ್ಬಳ್ಳಿಯಲ್ಲಿ ಮನೆ ನೋಡದಿದ್ದರೆ ಅಲ್ಲಿನ ತಂಗಿಯ ಮನೆಗೆ ನಾನೊಬ್ಬಳೇ ಹೋಗಿಬಿಡುತ್ತೇನೆ ಎಂದು ಗಂಡನಿಗೆ ಹೇಳಿದ್ದೆ. ಬರೀ ಹೆದರಿಸಲು ಹೇಳಿದ್ದಲ್ಲ. ನನ್ನ ಸೂಟ್‌ಕೇಸನ್ನು ಇನ್ನೂ ಬಿಚ್ಚಿರಲಿಲ್ಲ.

ಕಾಕುವಿಗೆ ಸಮುದ್ರದ ಆಚೆ ಇರುವುದೆಲ್ಲ ದುಬೈ. ನನಗೆ 'ದುಬೈನಾಕಿ' ಎಂದು ಹೆಸರಿಟ್ಟರು. ಮಗ್ಗದಲ್ಲಿ ಕೂತೇ ಇಡೀ ಓಣಿಯ ಕಾರಭಾರ ನಡೆಸುತ್ತಿದ್ದರು. ಊಟಕ್ಕೆ ಏಳುವಾಗ ಸೊಂಟ ಹಿಡಿದುಕೊಂಡು ಮಗ್ಗಕ್ಕೆ ಚೆನ್ನಾಗಿ ಬೈದು, ಮತ್ತೆ ಅದಕ್ಕೇ ಕೈ ಮುಗಿಯುವರು.

ನಮ್ಮಲ್ಲಿ ನಳದ ನೀರು ಬರುವುದು ವಾರಕ್ಕೊಮ್ಮೆ. ಮೊದಲು ಕಂಡವರು "ನೀರು ಬಂದಾವು" ಎಂದು ಕೂಗುತ್ತ ಹೋಗುತ್ತಾರೆ, ಓಣಿಯೆಲ್ಲ ಎದ್ದು ತುಂಬಿಕೊಳ್ಳುತ್ತದೆ. ಒಂದು ಮಧ್ಯಾಹ್ನ ನಾನು ಬಾಗಿಲು ಹಾಕಿ, ಫ್ಯಾನು ಜೋರು ಮಾಡಿ ಮಲಗಿಬಿಟ್ಟೆ. ಎದ್ದು ನೋಡಿದರೆ ನಳದಲ್ಲಿ ಬರೀ ಗಾಳಿ, ಹರವಿಯಲ್ಲಿ ತಳಕ್ಕೆ ಹತ್ತಿದ ನೀರು. ಅಡುಗೆಮನೆಯಲ್ಲೇ ಅಳುತ್ತ ಕೂತೆ. ಇನ್ನು ನನ್ನಿಂದ ಆಗದು, ನಾಳೆಯೇ ಹುಬ್ಬಳ್ಳಿ ಬಸ್ಸು ಹತ್ತುವುದು ಎಂದು ತೀರ್ಮಾನಿಸಿದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ತೆರೆದರೆ ಕಾಕು, ಸೊಂಟದ ಮೇಲೆ ತುಂಬಿದ ಕೊಡ. ಸೀದಾ ಒಳಗೆ ಬಂದು ಹರವಿಗೆ ಸುರಿದರು, ಹೋಗಿ ಇನ್ನೊಂದು ಕೊಡ ತಂದರು. ಆಮೇಲೆ ಅಲ್ಲೇ ಕೂತರು.

"ಒದರಿದೆ, ಬಾಗಲಾ ಬಡದೆ, ನೀ ಏಳಲಿಲ್ಲ. ಹೋಗ್ಲಿ, ನೀರಿಲ್ಲಂದ ಮ್ಯಾಲ ಬಂದು ಕೇಳಾಕ ಏನಾಗಿತ್ತು?"

"ಹ್ಯಾಂಗ ಕೇಳ್ಲಿರಿ ಕಾಕು, ಎಲ್ಲಾರಿಗೂ ತ್ರಾಸ ಐತಿ."

"ಕೇಳಿದ್ರ ಸಣ್ಣಾಕಿ ಆಗೂದಿಲ್ಲ ನೀ. ನಾಳೆ ನನ್ನ ಮನ್ಯಾಗ ಹೆಪ್ಪಿಗೆ ಮೊಸರಿಲ್ಲಂದ್ರ ನಾ ಯಾರನ್ನ ಕೇಳ್ಲಿ? ಎದುರಿನ ಬಾಗಲಾನ ಹಾಕೇತಿ."

ಮರುದಿನ ಖರೇನೇ ಬಂದರು, ಬಟ್ಟಲು ಹಿಡಿದುಕೊಂಡು ಹೆಪ್ಪಿಗೆ. ಕೊಟ್ಟೆ. ಊರಿಗೆ ಬಂದ ಮೇಲೆ ನನ್ನಿಂದ ಯಾರಿಗಾದರೂ ಏನಾದರೂ ಉಪಯೋಗ ಆದದ್ದು ಅದೇ ಮೊದಲು; ಏನೋ ಸಮಾಧಾನ ಅನಿಸಿತು. ಆವತ್ತು ಅವರ ಮನೆಯ ಗಡಿಗೆ ತುಂಬ ಮೊಸರಿತ್ತು ಎಂದು ಅವರ ಸೊಸೆ ಹೇಳಿದ್ದು ಬಹಳ ದಿನದ ಮೇಲೆ.

ಬಾಗಿಲು ತೆರೆದಿಡತೊಡಗಿದೆ. ಧೂಳು ಬಂತು, ಮಗ್ಗದ ಸದ್ದು ಬಂತು, ಜನ ಬಂದರು. ನಾನು ರೊಟ್ಟಿ ಬಡಿಯುವ ಸದ್ದು ಕೇಳಿಯೇ ಕಾಕು ಎದುರಿನಿಂದ, "ದುಬೈನಾಕಿ, ಹಿಟ್ಟು ಸರಿ ನಾದಿಲ್ಲ ನೀ" ಎನ್ನುವರು. ಖರೇನೇ ನಾದಿರುತ್ತಿರಲಿಲ್ಲ. ಒಂದು ಸಂಜೆ ನನ್ನವರು, "ಹುಬ್ಬಳ್ಳ್ಯಾಗ ಒಂದು ಮನಿ ಐತಂತ, ನಾಳೆ ನೋಡಿ ಬರೂಣೇನು?" ಎಂದರು.

"ನಾಳೆ ನೀರು ಬರತಾವು, ನಾ ಹ್ಯಾಂಗ ಬರ್ಲಿ?" ಎಂದೆ. ಅವರು ನಕ್ಕರು. ಮತ್ತೆ ಆ ಮಾತು ಎತ್ತಲಿಲ್ಲ.

ಹೋದ ಮಳೆಗಾಲದಲ್ಲಿ ಕಾಕುವಿಗೆ ಕೆಮ್ಮು ಹಿಡಿಯಿತು. ದವಾಖಾನೆಯಿಂದ ಬಂದ ಮೇಲೆ ಮಗ್ಗದ ಪಕ್ಕದಲ್ಲೇ ಹೊರಸು ಹಾಕಿಸಿಕೊಂಡರು, ಮುಖ ನಮ್ಮ ಬಾಗಿಲಿನ ಕಡೆ. ಹೋಗಿ ಹತ್ತಿರ ಕೂತರೆ ಗದರುವರು. "ಕೆಲಸಾ ಬಿಟ್ಟು ಬರಬ್ಯಾಡ. ಬಾಗಲಾ ತೆರದಿರ್ಲಿ, ಇಲ್ಲಿಂದನ ನೋಡತೀನಿ."

ಒಂದು ಬೆಳಿಗ್ಗೆ ಹೋಗಿಬಿಟ್ಟರು. ಸತ್ತವರನ್ನು ಕೂರಿಸಿ ಒಯ್ಯುವ ಪದ್ಧತಿ ಅವರದು. ಹೂವಿನ ನಡುವೆ ಸೊಂಟದಿಂದ ಮೇಲೆ ಕಾಣುತ್ತಿದ್ದರು, ಹಣೆ ತುಂಬ ವಿಭೂತಿ, ತಲೆ ಮೇಲೆ ಸೆರಗು. ಭಜನೆಯವರು ಮುಂದೆ ಹೊರಟ ಹಾಗೆ ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಹಗಲು ಹೊತ್ತು ಮುಚ್ಚಬೇಕಾದದ್ದು ಆಗೊಂದೇ ಸಲ. ಹೆಗಲು ಕೊಡಲು ಹೊರಟ ನನ್ನವರು ನಮ್ಮ ಕದ ಎಳೆಯಲು ಕೈ ಹಚ್ಚಿದರು.

"ಬ್ಯಾಡ್ರಿ," ಎಂದೆ. "ಕಾಕು ಬೈತಾರ."

ಅವರು ಕೈ ತೆಗೆದರು. ಕಾಕು ದಾಟಿ ಹೋಗುವವರೆಗೆ ನಾನು ಹೊಸ್ತಿಲಲ್ಲೇ ನಿಂತಿದ್ದೆ.