ಘಟ್ಟದ ಪಾಲು

ಬಿಸ್ಮಿಲ್ಲಾ ಮಿಸ್ತ್ರಿಯ ಬಗ್ಗೆ ಬರೆಯುವುದಾದರೆ ಅವರ ಸಿಟ್ಟಿನಿಂದಲೇ ಶುರು ಮಾಡಬೇಕು. ಮುಂಡಗೋಡದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವರ ಗ್ಯಾರೇಜು. ಎದುರಿಗೆ ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿ. ನಡುವೆ ಹದಿನೈದು ಹೆಜ್ಜೆ ರಸ್ತೆ. ಅವರು ಎಸೆದ, ಬೋಲ್ಟು ಬಿಚ್ಚುವ ಪಾನಾ ಎರಡು ಸಲ ಆ ರಸ್ತೆ ದಾಟಿ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಬಿದ್ದಿದೆ. ನನ್ನ ಮೇಲಿನ ಸಿಟ್ಟಲ್ಲ, ತುಕ್ಕು ಹಿಡಿದು ಬಿಚ್ಚಲು ಬಾರದ ಬೋಲ್ಟಿನ ಮೇಲಿನ ಸಿಟ್ಟು. ಪಾನಾ ವಾಪಸ್ ಕೊಡಲು ಹೋದರೆ ಮಾತ್ರ ನನಗೇ ಬೈಯುತ್ತಿದ್ದರು. ತರಲು ತಡಮಾಡಿದೆ ಎಂದು!

ಅವರಿಗೆ ಅರವತ್ತೆರಡು ವರ್ಷ. ಹುಟ್ಟಿದ್ದು ಹಳಿಯಾಳದಲ್ಲಿ. ದಾಂಡೇಲಿಗೆ ಬಿದಿರು ಹೊರುತ್ತಿದ್ದ ಲಾರಿಗಳ ಕೆಳಗೆ ಮಲಗಿ ಕೆಲಸ ಕಲಿತು, ಮದುವೆಯಾದ ಮೇಲೆ ಹೆಂಡತಿಯ ತವರಾದ ಮುಂಡಗೋಡಕ್ಕೆ ಬಂದು ನಿಂತವರು. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು. ಹೇಳಿದ್ದು ಸುಳ್ಳಾದದ್ದು ನಾನು ಕಂಡಿದ್ದು ಕಡಿಮೆ. ಅದೇ ನಮ್ಮೆಲ್ಲರ ತಲೆ ಕೆಡಿಸಿತ್ತು ಎಂದು ಈಗ ಅನಿಸುತ್ತದೆ. ಮಿಸ್ತ್ರಿ ಮಾಡಿದ್ದು ತಪ್ಪು ಎಂದು ಹೇಳುವ ಅಭ್ಯಾಸವೇ ಊರಿಗೆ ಇರಲಿಲ್ಲ.

ನಮ್ಮ ಸೀಮೆಯಲ್ಲಿ ಈಗ ಬದುಕು ನಡೆಯುವುದು ಟರ್ಬೋ ಪಿಕಪ್ಪಿನ ಮೇಲೆ. ಶುಂಠಿ, ಅನಾನಸ್, ಗೋವಿನಜೋಳ, ಮದುವೆಯ ಪಾತ್ರೆ, ಕೂಲಿಗೆ ಹೋಗುವ ಹೆಣ್ಣುಮಕ್ಕಳು, ಎಲ್ಲಕ್ಕೂ ಅದೇ ಗಾಡಿ. ಟರ್ಬೋ ಎಂದರೆ ದೊಡ್ಡ ಮಾಯೆಯೇನಲ್ಲ. ಇಂಜಿನ್ನು ಬಿಟ್ಟ ಹೊಗೆಯ ರಭಸಕ್ಕೆ ಒಂದು ಸಣ್ಣ ಚಕ್ರ ತಿರುಗಿ, ಇಂಜಿನ್ನಿಗೇ ಹೆಚ್ಚು ಗಾಳಿ ತುಂಬುತ್ತದೆ. ಅದಕ್ಕೇ ಒಂದೂವರೆ ಟನ್ ಹೊತ್ತ ಗಾಡಿ ಏರು ಹತ್ತುವಾಗ ಸಣ್ಣಗೆ ಸಿಳ್ಳೆ ಹಾಕುತ್ತದೆ. ಆ ಸಿಳ್ಳೆ ಇರುವವರೆಗೆ ಡ್ರೈವರನಿಗೆ ಸಮಾಧಾನ. ಸಿಳ್ಳೆ ಅಡಗಿ ಕಪ್ಪು ಹೊಗೆ ಬಂದರೆ ಮಿಸ್ತ್ರಿಯ ಬಾಗಿಲು.

ಮಿಸ್ತ್ರಿಗೆ ತಮ್ಮದೇ ಕಾಯಿದೆಗಳಿದ್ದವು. ದೂರದಿಂದ ಬಂದ ಗಾಡಿಯನ್ನು ನಿಲ್ಲಿಸಿದ ಕೂಡಲೇ ಬಂದ್ ಮಾಡುವ ಹಾಗಿಲ್ಲ. "ಓಡಿ ಬಂದೈತಿ, ಒಂದ್ ನಿಮಿಷ ಉಸಿರು ತೊಗೊಳ್ಳಿ ಬಿಡೋ" ಎನ್ನುತ್ತಿದ್ದರು. ತಾವು ರಿಪೇರಿ ಮಾಡಿದ ಗಾಡಿಯ ಮೊದಲ ಲೋಡಿಗೆ ಮುಂದಿನ ಸೀಟಿನಲ್ಲಿ ತಾವೇ ಕೂಡುತ್ತಿದ್ದರು. ಇನ್ನೊಂದು, ಘಟ್ಟದ ಪಾಲು. ಇಂಜಿನ್ನಿಗೆ ಹೊಸ ಆಯಿಲ್ ಹಾಕುವಾಗ ಹೇಳಿದ ಅಳತೆಗಿಂತ ಒಂದು ಲೀಟರ್ ಹೆಚ್ಚು. ಹಳೇ ಲಾರಿಗಳು ಅಣಶಿ ಘಟ್ಟ ಇಳಿದು ಹತ್ತುವಷ್ಟರಲ್ಲಿ ಅಷ್ಟು ಆಯಿಲ್ ಸುರಿಸಿಕೊಂಡು, ಸುಟ್ಟುಕೊಂಡು ಬರುತ್ತಿದ್ದವು. ಆ ಕಾಲಕ್ಕೆ ಅದು ಸರಿಯಾದ ಲೆಕ್ಕವೇ. ಮಿಸ್ತ್ರಿ ಅದನ್ನು ಟರ್ಬೋ ಗಾಡಿಗಳಿಗೂ ಬಿಡದೆ ಹಾಕುತ್ತಿದ್ದರು. ಹೊಸದಿದ್ದಾಗ ಆ ಇಂಜಿನ್ನುಗಳು ಹೇಗೋ ತಡೆದುಕೊಂಡವು.

ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಆಯಿಲ್ ಮಾರುವವರಿಗೆ ಒಂದು ದಿನದ ತರಬೇತಿ ಇತ್ತು. ಅಲ್ಲಿ ಕಲಿಸಿದಾತ ಬಿಡಿಸಿ ಹೇಳಿದ್ದ. ಟರ್ಬೋ ಇಂಜಿನ್ನಿಗೆ ಆಯಿಲ್ ಹೆಚ್ಚಾದರೆ ಅದು ಗಾಳಿಯ ಪೈಪಿಗೆ ಏರುತ್ತದೆ. ಸವೆದ ಇಂಜಿನ್ನಾದರೆ ಇನ್ನೂ ಬೇಗ. ಆಗ ಇಂಜಿನ್ನು ಡೀಸೆಲ್ ಬಿಟ್ಟು ತನ್ನ ಆಯಿಲನ್ನೇ ಕುಡಿದು ಓಡುತ್ತದೆ, ಚಾವಿ ಬಂದ್ ಮಾಡಿದರೂ ನಿಲ್ಲುವುದಿಲ್ಲ, ಒಡೆಯುವವರೆಗೂ ಓಡುತ್ತದೆ. ನಾನು ಅದನ್ನು ವಹಿಯಲ್ಲಿ ಬರೆದುಕೊಂಡು ಬಂದೆ. ಮಿಸ್ತ್ರಿಗೆ ಮಾತ್ರ ಹೇಳಲಿಲ್ಲ. ಅವರಿಗೆ ಬುದ್ಧಿ ಹೇಳಿ ಬೈಸಿಕೊಳ್ಳುವ ಉಸಾಬರಿ ಯಾಕೆ ಎಂದುಕೊಂಡೆ.

ಹೀಗಿರುವಾಗ ಹೋದ ಆಷಾಢದಲ್ಲಿ ತುಳಸಿರಾಮನ ಪಿಕಪ್ ಗ್ಯಾರೇಜಿಗೆ ಬಂತು. ಇಲ್ಲೇ ಪಕ್ಕದ ಹಳ್ಳಿ ಇಂದೂರಿನ ಹುಡುಗ, ಇಪ್ಪತ್ತೇಳು ವರ್ಷ, ಮುಂಜಾನೆ ಹೆಣ್ಣುಮಕ್ಕಳನ್ನು ಶುಂಠಿ ಹೊಲಕ್ಕೆ ಬಿಟ್ಟು ಸಂಜೆ ಕರೆತರುವುದು ಅವನ ಬದುಕಾಗಿತ್ತು. ಹಿಂದಿನ ವರ್ಷ ಚಿಗಳ್ಳಿ ಹತ್ತಿರ ಗಾಡಿಯನ್ನು ಗಟಾರಕ್ಕೆ ಇಳಿಸಿ ಇಬ್ಬರ ಕೈ ಮುರಿಸಿದ್ದ. ಅಂದಿನಿಂದ ಯಾರೂ ಅವನ ಗಾಡಿ ಹತ್ತುತ್ತಿರಲಿಲ್ಲ. ಆ ಹೆಣ್ಣುಮಕ್ಕಳ ಗುಂಪಿಗೆ ಮುಂದಾಳು ಅವನ ತಾಯಿ ಚಾಂದಿಬಾಯಿ. ಎಲ್ಲರಿಗಿಂತ ಮೊದಲು ಬೇಡವೆಂದವಳು ಅವಳೇ. ಖಾಲಿ ಗಾಡಿ ಅಂಗಳದಲ್ಲಿ ನಿಂತು, ಹುಡುಗ ತಲೆಯೆತ್ತಿ ಮಾತಾಡುವುದನ್ನೇ ಬಿಟ್ಟಿದ್ದ.

ಕಡೆಗೆ ಮಿಸ್ತ್ರಿಯೇ ಇಂದೂರಿಗೆ ಹೋಗಿ, "ಗಾಡಿ ಪೂರ್ತಿ ನಾ ನೋಡತೇನಿ. ಮೊದಲ ದಿವಸ ನಾನೂ ಮುಂದ ಕೂಡತೇನಿ. ಒಂದ್ ಸಲ ಹತ್ರಿ" ಎಂದು ಮನೆಮನೆಗೆ ಹೇಳಿ ಬಂದರು. ಅವರ ಮಾತಿನ ಮೇಲೆ ಚಾಂದಿಬಾಯಿಯೂ ಸೇರಿ ಹನ್ನೆರಡು ಹೆಣ್ಣುಮಕ್ಕಳು ಒಪ್ಪಿದರು. ಅವತ್ತು ಏನಾದರೂ ಆದರೆ ತುಳಸಿರಾಮನ ಗಾಡಿಗೆ ಇನ್ನೊಂದು ಸಲ ಯಾರೂ ಕಾಲಿಡುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು.

ಮಿಸ್ತ್ರಿ ಎರಡು ದಿನ ದುಡಿದರು. ಹರಿದ ಟರ್ಬೋ ಪೈಪು ಬದಲಿಸಿದರು, ಬ್ರೇಕು ಹೊಸದು ಮಾಡಿದರು. ಆಯಿಲಿಗೆ ನನ್ನ ಅಂಗಡಿಗೆ ಬಂದು ನಿಂತು, "ಇನ್ನೊಂದ್ ಲೀಟರ್ ಕೊಡು ಉದಯಾ, ಯಲ್ಲಾಪುರ ರಸ್ತೆದಾಗ ಏರು ಭಾಳ" ಎಂದರು. ಹಳೇ ಇಂಜಿನ್ನು, ಟರ್ಬೋ, ಹಿಂದೆ ಹನ್ನೆರಡು ಜನ. ಹುಬ್ಬಳ್ಳಿಯಲ್ಲಿ ಕೇಳಿದ್ದು ನನ್ನ ನಾಲಗೆಯ ತುದಿಗೆ ಬಂದಿತ್ತು. ಡಬ್ಬಿ ತೆಗೆದು ಕೊಟ್ಟೆ.

ಮರುದಿನ ಮುಂಜಾನೆ ನಾನೂ ಆ ಗಾಡಿಯಲ್ಲೇ ಹೊರಟೆ. ಅವರು ಹೋಗುವ ಶುಂಠಿ ಹೊಲದ ಪಂಪಿಗೆ ನಾನು ಬೆಲ್ಟು ಮುಟ್ಟಿಸಬೇಕಿತ್ತು. ತುಳಸಿರಾಮ ಓಡಿಸುತ್ತಿದ್ದ, ನಡುವೆ ಮಿಸ್ತ್ರಿ, ಕಿಟಕಿಗೆ ನಾನು. ಹಿಂದೆ ಹೆಣ್ಣುಮಕ್ಕಳು ಮೊದಮೊದಲು ಸುಮ್ಮನಿದ್ದವರು ಊರು ದಾಟುವಷ್ಟರಲ್ಲಿ ನಗತೊಡಗಿದರು. ಕಾಡಿನ ಏರು ಶುರುವಾಯಿತು. ಸಿಳ್ಳೆ ಬಂತು. "ಕೇಳ್ದ್ಯಾ? ಹೆಂಗ ಎಳೀತೈತಿ ನೋಡು" ಎಂದು ಮಿಸ್ತ್ರಿ ನನ್ನ ತೊಡೆಗೆ ತಟ್ಟಿದರು. ನಾನು ಹಲ್ಲು ಕಿರಿದೆ, ಕಣ್ಣು ಮಾತ್ರ ಕನ್ನಡಿಯಲ್ಲೇ ಇತ್ತು. ಹಿಂದೆ ನೀಲಿ ಹೊಗೆ ಏಳುತ್ತಿತ್ತು.

ಇಂಜಿನ್ನಿನ ಸದ್ದು ಏರಿತು. ತುಳಸಿರಾಮ ಎಕ್ಸಿಲರೇಟರಿನಿಂದ ಕಾಲು ತೆಗೆದ. ಸದ್ದು ಇಳಿಯಲಿಲ್ಲ, ಇನ್ನೂ ಏರಿತು. ಏರಿನಲ್ಲಿ ಗಾಡಿ ತಾನಾಗಿಯೇ ಮುಂದಕ್ಕೆ ನುಗ್ಗತೊಡಗಿತು. ಎದುರಿಗೆ ಎಡಕ್ಕೆ ತಿರುವು, ತಿರುವಿನಾಚೆ ಹಳ್ಳ.

"ಬಂದ್ ಮಾಡೋ!"

"ಮಾಡೀನ್ರಿ ಕಾಕಾ! ನಿಲ್ಲವಲ್ದು!"

"ಚಾವಿ ಹೊರಗ ತಗೀಬ್ಯಾಡ, ಸ್ಟೇರಿಂಗ್ ಕಟ್ಟತೈತಿ!"

ಹುಡುಗ ಹೆದರಿ ಕ್ಲಚ್ಚು, ಬ್ರೇಕು ಎರಡನ್ನೂ ಒತ್ತಿದ. ಗಾಡಿ ನಿಂತಿತು. ಆದರೆ ಭಾರ ಕಳೆದುಕೊಂಡ ಇಂಜಿನ್ನು ಕಿರುಚತೊಡಗಿತು. ಅಂಥ ಸದ್ದನ್ನು ನಾನು ಹಿಂದೆ ಕೇಳಿಲ್ಲ. ಕಾಲ ಕೆಳಗಿನ ತಗಡು ನಡುಗುತ್ತಿತ್ತು. ಬಿಳಿಹೊಗೆ ಒಳಗೆ ತುಂಬಿ ಒಬ್ಬರ ಮುಖ ಒಬ್ಬರಿಗೆ ಕಾಣದಾಯಿತು.

"ಟಾಪ್ ಗೇರ್ ಹಾಕು! ಬ್ರೇಕ್ ಬಿಡಬ್ಯಾಡ! ಈಗ ಕ್ಲಚ್ ಬಿಡು!" ಮಿಸ್ತ್ರಿ ಕೂಗಿದರು. ಹಾಗೆ ಉಸಿರು ಕಟ್ಟಿಸಿದರೆ ಇಂಜಿನ್ನು ಸಾಯಬೇಕು. ಸಾಯಲಿಲ್ಲ. ಕ್ಲಚ್ಚು ಜಾರಿ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಮಿಸ್ತ್ರಿ ನನ್ನನ್ನು ಹೊರಗೆ ದಬ್ಬಿ ನನ್ನ ಮೇಲಿಂದಲೇ ಹಾರಿ ಇಳಿದರು. "ಎಲ್ಲಾರೂ ಇಳೀರಿ, ದೂರ ಹೋಗ್ರಿ! ತುಳಸಿ, ಬ್ರೇಕ್ ಮ್ಯಾಲಿನ ಕಾಲ ತಗೀಬ್ಯಾಡ, ತಗದ್ರ ಗಾಡಿ ಹಿಂದಕ್ಕ ಹೋಗತೈತಿ!"

ಚಾಂದಿಬಾಯಿ ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಇಳಿಸುತ್ತಿದ್ದಳು. ಮಗ ಮಾತ್ರ ಒಳಗೇ ಇದ್ದ, ಎರಡೂ ಕಾಲು ಬ್ರೇಕಿನ ಮೇಲೆ. ಇಂಜಿನ್ನು ಒಡೆದರೆ ಚೂರು ಮೊದಲು ಬರುವುದು ಅವನ ಕಡೆಗೇ. ಮಿಸ್ತ್ರಿ ಬಾನೆಟ್ ಎತ್ತಿ ಗಾಳಿಯ ಪೈಪಿನ ಪಟ್ಟಿ ಬಿಚ್ಚಿ ಪೈಪು ಕಿತ್ತರು. ಒಳಗಿಂದ ಆಯಿಲ್ ಸುರಿಯಿತು.

"ಮುಚ್ಚಾಕ ಏನರ ಕೊಡ್ರಿ! ಅರಿವಿ ಬಟ್ಟಿ ಬ್ಯಾಡ, ಒಳಗ ಎಳಕೋತೈತಿ!"

ನನ್ನ ಕೈಕಾಲು ಆಡಲಿಲ್ಲ. ಚಾಂದಿಬಾಯಿ ಬುತ್ತಿಯ ಡಬ್ಬಿ ಬಿಚ್ಚಿ, ರೊಟ್ಟಿ ಪಲ್ಯ ರಸ್ತೆಗೆ ಚೆಲ್ಲಿ, ಸ್ಟೀಲಿನ ಮುಚ್ಚಳ ತಂದುಕೊಟ್ಟಳು. ಮಿಸ್ತ್ರಿ ಅದನ್ನು ಕಾದ ಟರ್ಬೋ ಬಾಯಿಗೆ ಅಂಗೈಯಿಂದ ಒತ್ತಿ ಹಿಡಿದರು. ಮುಚ್ಚಳ ಪಟ್ಟನೆ ಅಂಟಿಕೊಂಡಿತು. ಇಂಜಿನ್ನು ಎರಡು ಸಲ ಕುಲುಕಿ, ಗುದ್ದಿದಂತೆ ಸದ್ದು ಮಾಡಿ ನಿಂತಿತು. ಕಿವಿ ಮಾತ್ರ ಗುಂಯ್‌ಗುಡುತ್ತಿತ್ತು.

ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೆ ತುಳಸಿರಾಮ ಇಳಿದ. ಇಳಿದವನ ಕೆನ್ನೆಗೆ ತಾಯಿ ಬಾರಿಸಿದಳು. "ಹ್ವಾದ ವರ್ಷ ಗಟಾರದಾಗ ಕೆಡವಿದಿ. ಈ ವರ್ಷ ಸುಡಾಕ ಕರ್ಕೊಂಡ್ ಬಂದ್ಯಾ? ಸಾಕಪ್ಪಾ ಸಾಕು. ಮಾರಿಬಿಡು ಇದನ್ನ." ಅವನು ಹಿಂದಿನ ಚಕ್ರಕ್ಕೆ ಒರಗಿ ಕುಳಿತು ನೆಲ ನೋಡಿದ. ಉಳಿದ ಹೆಣ್ಣುಮಕ್ಕಳು ಮಿಸ್ತ್ರಿಯ ಸುತ್ತ ನಿಂತು ಅವರ ಸುಟ್ಟ ಕೈಗೆ ನೀರು ಹಾಕಿದರು. "ನೀವು ಇದ್ದದ್ದಕ್ಕ ಉಳದ್ವಿ" ಎಂದು ಒಬ್ಬಳು ಅಳುತ್ತಲೇ ಕೈ ಮುಗಿದಳು.

ಮಿಸ್ತ್ರಿ ಹೋಗಿ ಆಯಿಲ್ ನೋಡುವ ಕಡ್ಡಿ ಎಳೆದರು. ಒರೆಸಿ, ಮತ್ತೆ ಅದ್ದಿ ತೆಗೆದರು. ಅಷ್ಟು ಸುಟ್ಟ ಮೇಲೂ ಆಯಿಲ್ ಮೇಲಿನ ಗೆರೆಗಿಂತ ಮೇಲಿತ್ತು. ಕಿತ್ತ ಪೈಪು ನೋಡಿದರು. ಕಡ್ಡಿ ನೋಡಿದರು. ನಲವತ್ತೆಂಟು ವರ್ಷದ ಕಸುಬು ಅವರ ಮುಖದಿಂದ ಇಳಿದುಹೋದದ್ದು ನನಗೆ ಕಂಡಿತು. ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಅವರು ಸುಮ್ಮನಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಸುಮ್ಮನಿದ್ದರೆ ನಾನೂ ಬಚಾವು. ಹುಡುಗನ ಹೆಸರು ಹೇಗೂ ಕೆಟ್ಟಿತ್ತು.

ಅವರು ಸುಮ್ಮನಿರಲಿಲ್ಲ. "ಚಾಂದಿಬಾಯಿ, ಹುಡುಗಂದು ಏನೂ ತಪ್ಪಿಲ್ಲ. ನಾ ಆಯಿಲ್ ಹೆಚ್ಚು ಹಾಕೀನಿ. ಅದಕ್ಕ ಹಿಂಗಾತು."

ಚಾಂದಿಬಾಯಿ ಮಿಸ್ತ್ರಿಯ ಮುಖ ನೋಡಿ ತಲೆಯಾಡಿಸಿದಳು. "ನಿಮ್ಮ ಮನಸ ದೊಡ್ಡದ್ರಿ ಅಣ್ಣಾ. ಇವನ್ನ ಉಳಸಾಕ ನಿಮ್ಮ ಮ್ಯಾಲ ಹಾಕ್ಕೋಬ್ಯಾಡ್ರಿ."

"ನಂದ ತಪ್ಪು ಅಂತ ಹೇಳಾಕತ್ತೇನಿ!"

"ನಿಮ್ಮ ಕೈಲೆ ತಪ್ಪ ಆಗೂದಿಲ್ರಿ" ಎಂದಳು ಇನ್ನೊಬ್ಬಳು. ಮಿಸ್ತ್ರಿ ಕೂಗಿದರು, ಕೈಯಲ್ಲಿದ್ದ ಕಡ್ಡಿಯನ್ನು ರಸ್ತೆಗೆ ಬಡಿದರು. ಅವರು ಕೂಗಿದಷ್ಟೂ ಹೆಂಗಸರಿಗೆ ಅವರ ಮೇಲಿನ ಅಭಿಮಾನ ಹೆಚ್ಚಾಯಿತು. ಅವರ ಸಿಟ್ಟು ಕೆಲಸಕ್ಕೆ ಬಾರದೆ ಹೋದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಚಕ್ರದ ಹತ್ತಿರ ತುಳಸಿರಾಮ ತಲೆಯೆತ್ತಿ, ಮತ್ತೆ ಬಗ್ಗಿಸಿದ.

ಆಗ ಚಾಂದಿಬಾಯಿ ನನ್ನ ಕಡೆ ತಿರುಗಿದಳು. "ಸಾವಕಾರ್ರ, ಆಯಿಲ್ ಕೊಟ್ಟಾವ್ರು ನೀವು. ನೀವ ಹೇಳ್ರಿ, ಖರೆ ಏನು?"

ಹನ್ನೆರಡು ಹೆಣ್ಣುಮಕ್ಕಳು ನನ್ನನ್ನೇ ನೋಡುತ್ತಿದ್ದರು. ಒಂದು ಸಣ್ಣ ಸುಳ್ಳು ಸಾಕಿತ್ತು. ನನಗೆ ಗೊತ್ತಿಲ್ಲ ಎಂದರೂ ಸಾಕಿತ್ತು. ಬ್ರೇಕಿನ ಮೇಲೆ ಎರಡೂ ಕಾಲಿಟ್ಟು ಕುಳಿತಿದ್ದ ಹುಡುಗ ಕಣ್ಣೆದುರಿಗಿದ್ದ.

"ಮಿಸ್ತ್ರಿ ಹೇಳೋದು ಖರೆ ಐತಿ" ಎಂದೆ. "ಒಂದ್ ಲೀಟರ್ ಹೆಚ್ಚು ಬಿದ್ದೈತಿ. ಈ ಇಂಜಿನ್ನಿಗೆ ಹೆಚ್ಚಾದ್ರ ಹಿಂಗ ಆಗತೈತಿ. ನನಗ ಗೊತ್ತಿತ್ತು. ಹುಬ್ಬಳ್ಳ್ಯಾಗ ಕಲಿಸಿದ್ರು."

ಅವಳು ಮಗನ ಕಡೆ ನೋಡಿದಳು. ಆಮೇಲೆ ಕೇಳಿದಳು. "ಗೊತ್ತಿದ್ದೂ ನಮ್ಮನ್ನ ಹತ್ತಿಸಿದ್ರೇನ್ರಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಗನಿಗೆ ಬಾರಿಸಿದ ಕೈ ನನ್ನ ಮೇಲೂ ಬಿದ್ದಿದ್ದರೆ ಹಗುರಾಗುತ್ತಿತ್ತು. ಅವಳು 'ರೀ' ಕೂಡ ಬಿಡಲಿಲ್ಲ.

ಅವಳು ಹೋಗಿ ಮಗನ ಮುಂದೆ ನಿಂತಳು. ಸೆರಗಿನಿಂದ ಅವನ ಮುಖ ಒರೆಸಿದಳು. "ಏಳಪ್ಪಾ. ಗಾಡಿ ರಿಪೇರಿ ಆಗಲಿ. ಅವತ್ತ ಎಲ್ಲಾರಿಗಿಂತ ಮೊದಲ ನಾ ಹತ್ತತೇನಿ." ಉಳಿದವರು ಬುಟ್ಟಿ, ಕಳೆ ತೆಗೆಯುವ ಕುರ್ಚಗಿ ಎತ್ತಿಕೊಂಡು ಹೊಲದ ಕಡೆ ನಡೆಯತೊಡಗಿದರು. ತಾಯಿ ಮಗ ಅವರ ಹಿಂದೆ ಹೋದರು. ನನ್ನ ಪಕ್ಕದಲ್ಲೇ ಹಾದುಹೋದರೂ ಯಾರೂ ನನ್ನ ಮುಖ ನೋಡಲಿಲ್ಲ.

ರಸ್ತೆಯಲ್ಲಿ ಮಿಸ್ತ್ರಿ ಮತ್ತು ನಾನು ಇಬ್ಬರೇ ಉಳಿದೆವು. ಅವರು ಸುಟ್ಟ ಕೈಯನ್ನು ಎದೆಗೆ ಹಿಡಿದುಕೊಂಡಿದ್ದರು. ಅವರ ಬೈಗುಳಕ್ಕೆ ಕಾದೆ. ಅವರು ಬೈಯಲಿಲ್ಲ.

"ನಿನಗ ಗೊತ್ತಿತ್ತು?"

"ಹೌದ್ರಿ ಕಾಕಾ."

"ಯಾಕ ಹೇಳ್ಲಿಲ್ಲ?"

"ನೀವು ಸಿಟ್ಟಾಗ್ತಿದ್ರಿ."

ಮಿಸ್ತ್ರಿ ಆಯಿಲಿನ ಕಡ್ಡಿಯನ್ನು ಅದರ ಜಾಗಕ್ಕೆ ಸಿಕ್ಕಿಸಿದರು.

"ಸಿಟ್ಟಾಗ್ತಿದ್ದೆ, ಉದಯಾ" ಎಂದರು. "ಬೈತಿದ್ದೆ. ಆದ್ರ ಆ ಒಂದ್ ಲೀಟರ್ ವಾಪಸ್ ತಗೀತಿದ್ದೆ."